ಒಂದ ಬಂದೂಕು, ಎರಡು ಥರದ ನಳಿಗಿ: ಹಳೇ ಸ್ಟೀವನ್ಸಿಗೆ ಭಾಗ ಎಲ್ಲೆ ಸಿಗ್ತಾವು?

ಬೇಡ್ತಿಹಳ್ಳ:

ಎಲ್ಲಾರಿಗೂ ನಮಸ್ಕಾರ. ಕಲಘಟಗಿ ತಾಲೂಕಿನ ಒಂದು ಹಳ್ಳಿಯಿಂದ ಬರಿಯಾಕತ್ತೀನಿ. ಒಕ್ಕಲುತನ ನಮ್ದು, ಭತ್ತ, ಗೋಂಜಾಳ, ಸ್ವಲ್ಪ ಕಬ್ಬು. ಹೊಲಕ್ಕ ಹತ್ತೇ ಅಡವಿ ಐತಿ.

ಮನ್ಯಾಗ ಒಂದು ಹಳೇ ಬಂದೂಕು ಐತ್ರಿ. ಅಪ್ಪಾರು 1974ರಾಗ ಹಳಿಯಾಳ ಕಡೆ ಒಬ್ಬ ಗುತ್ತಿಗೆದಾರರ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅವರಿಗೆ 70 ತುಂಬಿದ ಮ್ಯಾಲೆ, 2021ರಾಗ, ಲೈಸೆನ್ಸ್ ನನ್ನ ಹೆಸರಿಗೆ ಆತು. ಕಾಗದ ಎಲ್ಲಾ ಚೊಕ್ಕ ಅದಾವ. ತ್ರಾಸು ಇರೋದು ಬಂದೂಕಿಂದು.

ಇದು ಎಲ್ಲಾರ ಮನ್ಯಾಗ ಇರೋ ಡಬ್ಬಲ್ ಬಾರ್ ಅಲ್ಲ. ಒಂದರ ಮ್ಯಾಲೊಂದು ಎರಡು ನಳಿಗಿ ಅದಾವ. ಮ್ಯಾಲಿಂದು .22, ಒಳಗ ಗೆರಿ ಇರೋ ರೈಫಲ್ ನಳಿಗಿ. ಕೆಳಗಿಂದು .410, ನುಣ್ಣನ ಛರಾ ನಳಿಗಿ. ಕುದುರಿ (ಹಿಂದಿನಿಂದ ಬಡಿಯೋ ಸುತ್ತಿಗಿ) ಒಂದ, ಟ್ರಿಗರ್ ಒಂದ. ಬಲಗಡೆ ಮೈಮ್ಯಾಗ ಶೇಂಗಾ ಕಾಳಿನಷ್ಟು ಒಂದು ಗುಂಡಿ ಐತಿ. ಅದನ್ನ ಮ್ಯಾಲೆ ಸರಿಸಿದ್ರ ಮ್ಯಾಲಿನ ನಳಿಗಿ, ಕೆಳಗ ಸರಿಸಿದ್ರ ಕೆಳಗಿನ ನಳಿಗಿ. ನಳಿಗಿ ಮ್ಯಾಲೆ ಸ್ಟೀವನ್ಸ್ ಅಂತ, ಮುಂದ ಚಿಕೋಪೀ ಫಾಲ್ಸ್ ಅಂತ ಇಂಗ್ಲಿಷಿನ್ಯಾಗ ಬರದೈತಿ. ಬಟ್ಟು, ಅಂದ್ರ ಹೆಗಲಿಗೆ ಒತ್ತಿ ಹಿಡಿಯೋ ಹಿಂಭಾಗ, ಕಟ್ಟಿಗಿದಲ್ಲ, ಕರೀ ಕಂದು ಬಣ್ಣದ ಯಾವುದೋ ಪ್ಲಾಸ್ಟಿಕ್. ಅಪ್ಪಾರು ಇಷ್ಟು ವರ್ಷ ಅದನ್ನ ಬೇಕಲೈಟ್ ಅಂತಾರ.

2024ರ ಲೋಕಸಭಾ ಚುನಾವಣೆಗೆ ಎಲ್ಲಾರಂಗ ನಾನೂ ಮಾರ್ಚಿನ್ಯಾಗ ಠಾಣೆಗೆ ಜಮಾ ಮಾಡಿದೆ. ಜೂನಿನ್ಯಾಗ, ಮಳಿ ಹಿಡದ ಮ್ಯಾಲೆ, ವಾಪಸ್ ತಂದೆ. ಗವಸಣಿ ಬಿಚ್ಚಿ ನೋಡಿದ್ರ ಜೀವ ಝಲ್ ಅಂತು. ಬಟ್ಟು ಮತ್ತ ಕಬ್ಬಿಣ ಕೂಡೋ ಜಾಗದಾಗ ಕೆಂಪಗ ಜಂಗು, ಬಟ್ಟಿನ ಕುತ್ತಿಗ್ಯಾಗ ಕೂದಲೆಳಿಯಂಥ ಸೀಳು. ಠಾಣೆಯವರ ಜೊತಿ ಜಗಳಾನೂ ಆತು.

ಈಗಿನ ತ್ರಾಸು ಇವು. ಮ್ಯಾಲಿನ .22 ಹಾರವಲ್ದು. ಕುದುರಿ ಬೀಳತೈತಿ, ಟಕ್ ಅಂತೈತಿ, ಅಷ್ಟ. ಐದರಾಗ ಎರಡು ಹಾರಿದ್ರ ಪುಣ್ಯ. ಹಾರಿದ್ದರ ಖಾಲಿ ಕೊಪ್ಪರಿಗಿ (ತೋಟಾದ ಹೊರಕವಚ) ನಳಿಗ್ಯಾಗ ಸಿಕ್ಕಂಡು ಕುಂದರತೈತಿ, ಎಕ್ಸ್‌ಟ್ರಾಕ್ಟರ್ ಹೊರಗ ತಗಿಯಂಗಿಲ್ಲ, ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಸಬೇಕು. ಬಲಗಡೆ ಗುಂಡಿ ಸಡ್ಲಾಗಿ ತಾನ ಕೆಳಗ ಜಾರತೈತಿ. ಮುಂಗೈ ಹಿಡಿಯೋ ಕಡೆಯಿಂದು ಒಂದು ಸ್ಕ್ರೂ ಕಳದೈತಿ. ಕೆಳಗಿನ .410 ಮಾತ್ರ ಮೊದಲಿನಂಗ ಐತಿ.

ನನಗ ಬೇಕಾಗಿರೋದು ಫೈರಿಂಗ್ ಪಿನ್ (ತೋಟಾದ ತಳಕ್ಕ ಬಡಿಯೋ ಮೊಳಿ), ಎಕ್ಸ್‌ಟ್ರಾಕ್ಟರ್, ಆ ಗುಂಡಿ, ಒಂದು ಸ್ಕ್ರೂ, ಆದ್ರ ಒಂದು ಬಟ್ಟು. ಅಮೆರಿಕಾದ ಒಂದು ಅಂಗಡಿಯವರು ಹಳೇ ಸ್ಟೀವನ್ಸ್ ಭಾಗ ಮಾರತಾರ ಅಂತ ನೆಟ್ಟಿನ್ಯಾಗ ನೋಡೀನಿ. ತರಿಸಬಹುದೇನು? ಹೊಸಾ ಬಂದೂಕು ತಗೋ ಅಂತ ದಯವಿಟ್ಟು ಯಾರೂ ಹೇಳಬ್ಯಾಡ್ರಿ. ಅಪ್ಪಾರಿಗೆ ಈಗ ಕಣ್ಣು ಸರಿ ಕಾಣಂಗಿಲ್ಲ, ಆದ್ರೂ ದಿನಾ ಸಂಜಿಕ ಕೇಳತಾರ, "ಅದು ಸರಿ ಆತೇನು?" ಅಂತ.

ಹಾನಗಲ್ ಭತ್ತ:

ಅಣ್ಣಾರ, ಇದಕ್ಯಾಕ ಅಮೆರಿಕಾ? ಹುಬ್ಬಳ್ಳಿ ಗೋಕುಲ ರೋಡಿಗೆ ಹೋಗ್ರಿ. ಅಲ್ಲೆ ಲೇಥ್ ಇಟ್ಟವರು ಟ್ರ್ಯಾಕ್ಟರಿನ ಎಂಥೆಂಥಾ ಪಿನ್ನು ಮಾಡಿ ಕೊಡತಾರ. ಹಳೇ ಪಿನ್ ಕೈಯಾಗ ಕೊಟ್ರ ಅರ್ಧಾ ತಾಸಿನ ಕೆಲಸ. ನಮ್ಮ ಕಡೆ ಹಂದಿ ಹಾವಳಿ ವಿಪರೀತ ಐತಿ, ಬಂದೂಕು ಮೂಲ್ಯಾಗ ಇಟ್ಟು ಕುಂತ್ರ ಬೆಳಿ ಉಳಿಯಂಗಿಲ್ಲ.

ಹಳೆಯ ಶಾಖೆ:

ಹಾನಗಲ್‌ನವರು ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಆ ದಾರಿ ಹಿಡಿಯಬೇಡಿ. ನಾನು ಜಿಲ್ಲಾ ಕಚೇರಿಯ ಲೈಸೆನ್ಸ್ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಇದೇ ತಪ್ಪಿಗೆ ಒಳ್ಳೆಯ ಮನೆತನದವರು ಕೇಸು ಹಾಕಿಸಿಕೊಂಡದ್ದನ್ನು ನೋಡಿದ್ದೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿಕೆ ಮತ್ತು ಮಾರಾಟಕ್ಕೆ ಮಾತ್ರವಲ್ಲ, ರಿಪೇರಿಗೂ ಲೈಸೆನ್ಸ್ ಬೇಕು ಎನ್ನುತ್ತದೆ. ನಿಮ್ಮ ಬಳಿ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್. ಲೇಥಿನವರ ಬಳಿ ಯಾವುದೂ ಇಲ್ಲ. ಪಿನ್ ಮಾಡಿಕೊಟ್ಟ ದಿನ ಅವರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. ಕಾಯ್ದೆಯಲ್ಲಿ ‘ಆರ್ಮ್ಸ್’ ಎಂಬ ಶಬ್ದದ ಅರ್ಥದೊಳಗೆ ಬಿಡಿ ಭಾಗಗಳೂ ಬರುತ್ತವೆ. ಆದ್ದರಿಂದ ಅಮೆರಿಕದಿಂದ ಕೊರಿಯರ್‌ನಲ್ಲಿ ಬರುವ ಒಂದು ಇಂಚಿನ ಪಿನ್ ಕೂಡ ಕಾನೂನಿನ ಕಣ್ಣಿಗೆ ಆಯುಧದ ಆಮದೇ. ಅದಕ್ಕೆ 10ನೇ ಕಲಮಿನ ಪ್ರಕಾರ ಬೇರೆ ಲೈಸೆನ್ಸ್ ಬೇಕು. ದಯವಿಟ್ಟು ಆರ್ಡರ್ ಮಾಡಬೇಡಿ.

ಇನ್ನೊಂದು ಮಾತು. ನಿಮ್ಮ ಬಂದೂಕಿನ ಮೈಮೇಲೆ ಕಂಪನಿಯ ನಂಬರ್ ಇದೆಯೇ?

ಬೇಡ್ತಿಹಳ್ಳ:

ಸರ್, ನಂಬರ್ ವಿಷಯ ನಿಮಗ ಹೆಂಗ ಗೊತ್ತಾತು? ಕಂಪನಿ ನಂಬರ್ ಎಲ್ಲೂ ಇಲ್ಲ. ಟ್ರಿಗರ್ ಮುಂದ ಕೈಲೆ ಕುಟ್ಟಿದ ನಾಕು ಅಂಕಿ ಅದಾವ, ಅದ ಲೈಸೆನ್ಸಿನ್ಯಾಗೂ ಐತಿ. ನನ್ನ ಹೆಸರಿಗೆ ಮಾಡೋ ಮುಂದ ಇದರ ಮ್ಯಾಲೆ ನಾಕು ತಿಂಗಳು ಫೈಲ್ ನಿಂತಿತ್ತು. ಕಂಪನಿ ನಂಬರ್ ಅಳಿಸೀರಿ ಅನ್ನೋಹಂಗ ಮಾತಾಡಿದ್ರು. ಅಪ್ಪಾರಿಗೆ ಆವಾಗ ಭಾಳ ಮನಸ್ಸಿಗೆ ಹತ್ತಿತ್ತು.

ಹಳೆಯ ಶಾಖೆ:

ಅದನ್ನೇ ಊಹಿಸಿದ್ದೆ. ಅಮೆರಿಕದಲ್ಲಿ ಪ್ರತಿ ಬಂದೂಕಿಗೂ ಸೀರಿಯಲ್ ನಂಬರ್ ಕಡ್ಡಾಯವಾದದ್ದು 1968ರ ಕಾನೂನಿನಿಂದ. ಅದಕ್ಕಿಂತ ಮೊದಲು ತಯಾರಾದ ಕಡಿಮೆ ಬೆಲೆಯ .22 ಮತ್ತು .410 ಬಂದೂಕುಗಳ ಮೇಲೆ ಎಷ್ಟೋ ಸಲ ನಂಬರ್ ಇರುತ್ತಲೇ ಇರಲಿಲ್ಲ. ನಿಮ್ಮ ತಂದೆಯವರು ಏನನ್ನೂ ಅಳಿಸಿಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದು, ಮೊದಲ ಲೈಸೆನ್ಸಿನ ನಕಲು ಜೊತೆಗಿಟ್ಟು, ಮುಂದಿನ ನವೀಕರಣಕ್ಕೆ ಲಗತ್ತಿಸಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ 5 ವರ್ಷಕ್ಕೆ ಇರುತ್ತದೆ, 2021ರದ್ದಾದರೆ ನಿಮ್ಮದು 2026ಕ್ಕೆ ಬರುತ್ತದೆ. ಈಗಲೇ ಬರೆದಿಡಿ.

ರಿಪೇರಿಯವರ ಬಳಿ ಹೋದಾಗ ಅವರ ಲೈಸೆನ್ಸಿನಲ್ಲಿ ರಿಪೇರಿ ಎಂದು ನಮೂದಾಗಿದೆಯೇ ಎಂದು ಕೇಳಿ ನೋಡಿ. ಮಾರಾಟ ಮಾತ್ರ ಇದ್ದರೆ ಸಾಲದು. ಬಿಟ್ಟು ಬರುವಾಗ ತಾರೀಖು, ಬಂದೂಕಿನ ನಂಬರ್, ಏನು ಕೆಲಸ ಎಂಬುದನ್ನೆಲ್ಲ ಬರೆಸಿ ರಸೀದಿ ತೆಗೆದುಕೊಳ್ಳಿ.

ಗದಗ ಪ್ಯಾಟಿ:

ತಡಾ ಆತು ಉತ್ತರಾ ಬರಿಯೂದು, ಕ್ಷಮಾ ಇರಲಿ. ನಮ್ಮ ತಂದೆಯವರು ಬಂದೂಕು ರಿಪೇರಿ ಮಾಡತಿದ್ರು, ಲೈಸೆನ್ಸ್ ಇತ್ತು. ನಾನು ಅವರ ಬಾಜೂಕ ಕುಂತು ಹದಿನೈದು ವರ್ಷ ಕೆಲಸ ನೋಡೀನಿ, ಮಾಡೀನಿ. ಅವರು ಹ್ವಾದ ಮ್ಯಾಲೆ ಲೈಸೆನ್ಸ್ ಮುಂದುವರಸಲಿಲ್ಲ, ಹಿಂಗಾಗಿ ಕೈಲೆ ಮಾಡಿ ಕೊಡಾಕ ಬರಂಗಿಲ್ಲ, ಬಾಯಿಲೆ ಹೇಳತೀನಿ.

ಬೇಡ್ತಿಹಳ್ಳ ಅವರ, ನೀವು ಭಾಗದ ಪಟ್ಟಿ ಮೊದಲ ಮಾಡೀರಿ. ರೋಗ ಮೊದಲ ನೋಡೋಣ್ರಿ.

ನಿಮ್ಮದು ಸ್ಟೀವನ್ಸ್ 22-410. ಸ್ಟೀವನ್ಸ್ ಕಂಪನಿಯನ್ನ ಸ್ಯಾವೇಜ್‌ನವರು 1920ರಾಗ ಕೊಂಡಿದ್ರು. ಇದ ಬಂದೂಕು 1950ರಿಂದ ಸ್ಯಾವೇಜ್ 24 ಅನ್ನೋ ಹೆಸರಿಲೆ ಬಂತು. ನಿಮ್ಮದರ ಮ್ಯಾಲೆ ಸ್ಟೀವನ್ಸ್ ಹೆಸರು ಐತಿ ಅಂದ್ರ ಅದಕ್ಕಿಂತ ಹಿಂದಿಂದು. ಎರಡನೇ ಮಹಾಯುದ್ಧದಾಗ ಅಮೆರಿಕಾದ ವಿಮಾನ ದಳದವರೂ ಈ ಬಂದೂಕು ತಗೊಂಡಿದ್ರು.

ಈಗ .22 ಮಾತು. .410 ತೋಟಾದಾಗ ಕಿಡಿ ಮಸಾಲಿ ತಳದ ನಡುವ ಟೋಪಿಯೊಳಗ ಇರತೈತಿ. .22 ತೋಟಾಕ್ಕ ಟೋಪಿ ಇಲ್ಲ, ಮಸಾಲಿ ತಳದ ಅಂಚಿನ ಸುತ್ತಲೂ ಒಳಗ ತುಂಬಿರತಾರ. ಪಿನ್ನು ಬಂದು ಆ ಅಂಚನ್ನ ನಳಿಗಿಯ ಹಿಂದಿನ ಬಾಯಿಗೆ, ಅಂದ್ರ ತೋಟಾ ತುಂಬೋ ಕಡೆಯ ಬಾಯಿಗೆ, ಒತ್ತಿ ಜಜ್ಜಬೇಕು, ಅಂದ್ರ ಹೊತ್ತತೈತಿ. ಹಿಂದ ಗಟ್ಟಿ ಒರಗು ಬೇಕು, ಅಡಕಿ ಜಜ್ಜೋ ಮುಂದ ಕೆಳಗ ಕಲ್ಲು ಬೇಕಲ್ಲ, ಹಂಗ.

ತೋಟಾ ಇಲ್ಲದ ಬರೇ ಕುದುರಿ ಬಿಟ್ರ ಏನಾಗತೈತಿ? ಪಿನ್ನು ಸೀದಾ ನಳಿಗಿಯ ಅಂಚಿಗೆ ಬಡಿತೈತಿ. ಒಂದೆರಡು ಸಲ ಬಡದ್ರ ಕಾಣಂಗಿಲ್ಲ. ವರ್ಷಗಟ್ಟಲೆ ಬಡದ್ರ ಅಲ್ಲೆ ಉಗುರಿನ ತುದಿಯಂಥ ತಗ್ಗು ಬೀಳತೈತಿ. ತಗ್ಗಿನ ಲೋಹ ಎಲ್ಲೆ ಹೋಗಬೇಕು? ನಳಿಗಿಯ ಒಳಗ ಉಬ್ಬತೈತಿ. ತಗ್ಗಿನ ಮ್ಯಾಲೆ ತೋಟಾದ ಅಂಚಿಗೆ ಒರಗಿಲ್ಲ, ಹಿಂಗಾಗಿ ಹಾರಂಗಿಲ್ಲ. ಹಾರಿದ್ರ ಕೊಪ್ಪರಿಗಿ ಹಿಗ್ಗಿ ಆ ಉಬ್ಬಿಗೆ ಸಿಕ್ಕಂಡು ಹೊರಗ ಬರಂಗಿಲ್ಲ. ನಿಮ್ಮ ಎರಡೂ ತ್ರಾಸಿಗೆ ಮೂಲ ಒಂದ ಇರಬಹುದು, ಪಿನ್ನೂ ಚಲೋ ಇರಬಹುದು, ಎಕ್ಸ್‌ಟ್ರಾಕ್ಟರೂ ಚಲೋ ಇರಬಹುದು. ಇದರಾಗ ಎರಡೂ ನಳಿಗಿಗೆ ಎಕ್ಸ್‌ಟ್ರಾಕ್ಟರ್ ಒಂದ. ಅದು .410 ತೋಟಾ ಸರಿ ಎಬ್ಬಸತೈತಿ ಅಂದ್ರ ಪೂರಾ ಹಾಳಾಗಿರೂದು ಕಷ್ಟ.

ಎರಡೂ ನಳಿಗಿ ಖಾಲಿ ಅದಾವ ಅಂತ ಕಣ್ಣಿಲೆ ನೋಡಿ, ಬೆರಳಿಲೆ ಮುಟ್ಟಿ ಖಾತ್ರಿ ಮಾಡ್ಕೊಂಡು, ತೋಟಾ ತುಂಬೋ ಮುಂದ ಮಡಚತೀರಲ್ಲ ಹಂಗ ಬಂದೂಕು ಮಡಚಿ ತಗದು ಮ್ಯಾಲಿನ ನಳಿಗಿಯ ಹಿಂದಿನ ಬಾಯಿಗೆ ಬ್ಯಾಟರಿ ಅಡ್ಡ ಹಿಡೀರಿ, ಸೀದಾ ಅಲ್ಲ. ಅಡ್ಡ ಬೆಳಕಿನ್ಯಾಗ ತಗ್ಗಿಗೆ ನೆರಳು ಬೀಳತೈತಿ. ಸಿಕ್ಕಂಡು ಬಂದ ಖಾಲಿ ಕೊಪ್ಪರಿಗಿ ಇದ್ರ ಅಂಚಿನ ಹತ್ರ ಒಂದ ಕಡೆ ಗೀರು ಐತೇನು ನೋಡ್ರಿ.

ಗೋಕುಲ ರೋಡಿನ ಪಿನ್ನಿಗೆ ಕಾನೂನಿನ ಮಾತು ಸರ್ ಹೇಳ್ಯಾರ. ನಾನು ಕಣ್ಣಿನ ಮಾತು ಹೇಳತೀನಿ. ಪಿನ್ನು ಒಂಚೂರು ಉದ್ದಾದ್ರ, ತುದಿ ಚೂಪಾದ್ರ ತೋಟಾದ ಅಂಚು ಹರೀತೈತಿ. ಹರದ್ರ ಬೆಂಕಿಹೊಗಿ ಹಿಂದಕ್ಕ ಬರತೈತಿ, ನಿಮ್ಮ ಮುಖ ಅಲ್ಲೇ ಇರತೈತಿ.

ಗುಂಡಿ ಜಾರತೈತಿ ಅಂದ್ರಲ್ಲ, ಅದು ಸರಿ ಆಗೂತನಕ ಎರಡೂ ನಳಿಗಿ ತುಂಬಬ್ಯಾಡ್ರಿ, ಕೈಮುಗದು ಹೇಳತೀನಿ. ಮ್ಯಾಲಿಂದು ಹಾರತೈತಿ ಅಂತ ತಿಳಕೊಂಡಾಗ ಕೆಳಗಿಂದು ಹಾರತೈತಿ. ಹಾರದ ತೋಟಾನೂ ಲಗೂನ ತಗೀಬ್ಯಾಡ್ರಿ. ಗುಂಡು ಹೊರಬೀಳೋ ಮುಂದಿನ ಬಾಯಿ ಬಯಲಕಡೆ ಹಿಡಕೊಂಡು ಒಂದು ನಿಮಿಷ ನಿಂತು ಆಮ್ಯಾಲೆ ತಗೀರಿ.

ಬೇಡ್ತಿಹಳ್ಳ:

ಗದಗ ಅಣ್ಣಾ, ನೀವು ಬರದದ್ದು ರಾತ್ರಿ ಓದಿದೆ. ಮುಂಜಾನೆ ತನಕ ತಡೀಲಿಲ್ಲ, ಹತ್ತೂವರಿಗೆ ಎದ್ದು ಬ್ಯಾಟರಿ ಹಿಡದು ನೋಡಿದೆ.

ಐತಿ ಅಣ್ಣಾ. ನಳಿಗಿ ಬಾಯಿ ಅಂಚಿನ್ಯಾಗ ಎಳೇ ಚಂದ್ರನಂಥ ತಗ್ಗು. ಸೀದಾ ಬೆಳಕು ಬಿಟ್ರ ಕಾಣವಲ್ದು, ಅಡ್ಡ ಹಿಡದ ಕೂಡಲೆ ಕರೀ ನೆರಳು ಬಿತ್ತು. ಬೆಂಕಿಕಡ್ಡಿ ಒಳಗಿನಿಂದ ಎಳದ್ರ ಅಲ್ಲೆ ತಡೀತೈತಿ. ಟ್ರಂಕಿನ್ಯಾಗ ಆರು ಖಾಲಿ ಕೊಪ್ಪರಿಗಿ ಇದ್ವು, ಆರಕ್ಕೂ ಒಂದ ಜಾಗದಾಗ ಗೀರು.

ಇದು ಹೆಂಗಾತು ಅಂತ ನನಗ ಗೊತ್ತೈತಿ. ಅಪ್ಪಾರು ಬಂದೂಕು ಒರಸಿ ಎಣ್ಣಿ ಹಚ್ಚಿದ ಮ್ಯಾಲೆ ಎರಡೂ ಕಡೆ ಕುದುರಿ ಬಿಟ್ಟು ನೋಡಿ ಇಡತಿದ್ರು, ಸ್ಪ್ರಿಂಗಿನ ಮ್ಯಾಲೆ ಭಾರ ಇರಬಾರದು ಅಂತ. ಖಂಡೇನವಮಿ ದಿನ ಪೂಜಾ ಆದ ಮ್ಯಾಲೆ ನನ್ನ ತೊಡಿಮ್ಯಾಲೆ ಕುಂದ್ರಿಸ್ಕೊಂಡು ನನ್ನ ಕೈಲೆ ಬಿಡಸತಿದ್ರು. ಆ ಟಕ್ ಸಪ್ಪಳಕ್ಕ ನಾನು ವರ್ಷಪೂರ್ತಿ ಕಾಯತಿದ್ದೆ. ಐವತ್ತು ವರ್ಷದ ಟಕ್ ಅಲ್ಲೆ ಕುಂತಾವ. ಅಪ್ಪಾರಿಗೆ ಇದನ್ನ ಇನ್ನೂ ಹೇಳಿಲ್ಲ. ಹೇಳಬೇಕೋ ಬ್ಯಾಡೋ ತಿಳೀವಲ್ದು.

ಒಂದು ಕೇಳೂದು ಉಳದೈತಿ. ಬಟ್ಟಿನ ಕೆಳಗ ಜಂಗು ಯಾಕ ಅಷ್ಟು ಹಿಡದೈತಿ? ನಳಿಗಿ ಮ್ಯಾಲೆ ಅಷ್ಟಿಲ್ಲ. ಬಟ್ಟಿನ ತಳದ ತಗಡು ಬಿಚ್ಚಿದ್ರ ಒಳಗ ಉದ್ದನ ಬೋಲ್ಟ್ ಕಾಣತೈತಿ, ಅದೂ ಪೂರಾ ಕೆಂಪಾಗೈತಿ. ಮತ್ತ ಒಂಥರಾ ಹುಳಿ ವಾಸನಿ ಬರತೈತಿ.

ಗದಗ ಪ್ಯಾಟಿ:

ಆ ವಾಸನಿ ಹೇಳಿದ್ದು ಚಲೋ ಆತು. ಅದು ಬೇಕಲೈಟ್ ಅಲ್ರಿ. ಟೆನೈಟ್ ಅಂತಾರ, ಸೆಲ್ಯುಲೋಸ್ ಅಸಿಟೇಟ್ ಜಾತಿಯ ಪ್ಲಾಸ್ಟಿಕ್. ಸ್ಟೀವನ್ಸಿನವರು ಕಟ್ಟಿಗಿ ಬದಲಿಗೆ ಹಾಕಿದ್ರು. ವಯಸ್ಸಾದ ಮ್ಯಾಲೆ ಅದು ಕುಗ್ಗತೈತಿ, ಡೊಂಕಾಗತೈತಿ, ಸೀಳತೈತಿ, ಮತ್ತ ಒಳಗಿಂದ ಹುಳಿ ಬಿಡತೈತಿ, ಶಿರ್ಕಾದಾಗ (ವಿನೆಗರಿನ್ಯಾಗ) ಇರೋ ಹುಳಿನ ಅದು. ಹಳೇ ಫೋಟೋ ಸ್ಟುಡಿಯೋದಾಗ ನೆಗೆಟಿವ್ ಡಬ್ಬಿ ತಗದ್ರ ಇದ ವಾಸನಿ ಬರತೈತಿ, ಯಾಕಂದ್ರ ಆ ಫಿಲ್ಮೂ ಅಸಿಟೇಟ. ಆ ಹುಳಿ ಹವಾ ಮುಚ್ಚಿದ ಜಾಗದಾಗ ಕಬ್ಬಿಣ ತಿಂತೈತಿ.

ಗವಸಣಿ ಬಿಗಿಯಾಗಿ ಕಟ್ಟಿ ಮೂರು ತಿಂಗಳು ಇಟ್ರ ಹುಳಿಗೆ ಹೊರಗ ಹೋಗಾಕ ದಾರಿ ಇಲ್ಲ. ಠಾಣೆಯಾಗ ತಂಪೂ ಹತ್ತಿರಬಹುದು, ಆದ್ರ ಬಟ್ಟಿನ ಕೆಳಗಿನ ಜಂಗಿಗೆ ಠಾಣೆಯವರನ್ನಷ್ಟ ಬೈಬ್ಯಾಡ್ರಿ. ಮನ್ಯಾಗ ಇಟ್ಟಿದ್ರೂ ಅದ ಆಗತಿತ್ತು.

ಆ ಬಟ್ಟು ಉಳಿಯಂಗಿಲ್ರಿ. ಅಂಟು ಹಾಕಿದ್ರೂ ಬಾಜೂಕ ಮತ್ತ ಸೀಳತೈತಿ. ಕಟ್ಟಿಗೀದು ಮಾಡಸ್ರಿ. ನಿಮ್ಮ ಊರ ಬಾಜೂಕ ಕಲಘಟಗಿ ಐತಿ, ತೊಟ್ಟಿಲು ಮಾಡೋ ಕೈಗಳು ಅಲ್ಲೇ ಅದಾವ. ಅಖ್ರೋಟ್ ಸಿಕ್ರ ಅದಕ್ಕಿಂತ ಚಲೋ ಇಲ್ಲ. ಸಾಗವಾನಿ ಮಾತ್ರ ಬ್ಯಾಡ. ತೊಟ್ಟಿಲಿಗೆ ಅದು ಬಂಗಾರ, ಆದ್ರ ಬಟ್ಟಿನ ಕುತ್ತಿಗಿಯಷ್ಟು ತೆಳ್ಳಗ ಮಾಡಿದ್ರ ಎಳಿ ಹಿಡದು ಸೀಳತೈತಿ. ಯಾವ ಕಟ್ಟಿಗಿ ಆದ್ರೂ ಎಳಿ ಕುತ್ತಿಗಿಯುದ್ದಕ್ಕ ಓಡಬೇಕು, ಅಡ್ಡ ಹೋಗಬಾರದು, ಹಲಗಿ ಆರಸೋ ಮುಂದನ ನೋಡ್ರಿ. ಬಂದೂಕು ಬಡಿಗ್ಯಾರ ಕಡೆ ಬಿಡಬ್ಯಾಡ್ರಿ. ರಿಪೇರಿಯವರ ಕೈಲೆ ಬಟ್ಟು ಬಿಚ್ಚಿಸಿ, ಬರೇ ಹಳೇ ಬಟ್ಟು ಅಳತಿಗೆ ಒಯ್ರಿ, ಕೂಡಸೂದು ರಿಪೇರಿಯವರ ಮಾಡಲಿ.

ನಳಿಗಿ ಅಂಚಿನ ತಗ್ಗಿಗೆ ಭಾಗ ಏನೂ ಬೇಕಾಗಿಲ್ಲ. ಅದಕ್ಕ ನುಣ್ಣನ ಮೊನೆಯ ಒಂದು ಹತಾರ ಇರತೈತಿ, ಒಳಗ ಉಬ್ಬಿದ ಲೋಹಾನ ತಿರುಗಿ ತನ್ನ ಜಾಗಕ್ಕ ಒತ್ತತಾರ. ಯಾರರ ಡ್ರಿಲ್ ಹಚ್ಚಿ ಕೊರೀತೀನಿ ಅಂದ್ರ ಬಂದೂಕು ಎತ್ಕೊಂಡು ವಾಪಸ್ ಬರ್ರಿ. ಕೊರದು ಹ್ವಾದ ಲೋಹ ತಿರುಗಿ ಬರಂಗಿಲ್ಲ.

ಸ್ಕ್ರೂ ಹುಬ್ಬಳ್ಳಿ ಹಾರ್ಡ್‌ವೇರ್ ಅಂಗಡ್ಯಾಗ ಹುಡುಕಬ್ಯಾಡ್ರಿ. ಅಮೆರಿಕಾದ ಸ್ಕ್ರೂವಿನ ಸುತ್ತುಗೆರಿ ಬ್ಯಾರೆ, ನಮ್ಮ ಮಿಲಿಮೀಟರಿನ ಸುತ್ತುಗೆರಿ ಬ್ಯಾರೆ. ಎರಡು ಸುತ್ತು ಹೋಗಿ ಬಿಗಿ ಆಗತೈತಿ, ಕೂತತು ಅಂತ ತಿಳದು ಒತ್ತಿದ್ರ ತೂತಿನೊಳಗಿನ ಸುತ್ತುಗೆರಿನೂ ಹೋಗತೈತಿ. ಇದಕ್ಕ, ಮತ್ತ ಆ ಗುಂಡಿಗೆ, ಲೈಸೆನ್ಸ್ ಇರೋ ಡೀಲರ್‌ಗಳ ಕಡೆ ಕೆಟ್ಟು ಕುಂತ ಹಳೇ ಸ್ಯಾವೇಜ್ 24 ಐತೇನು ಕೇಳ್ರಿ. ಎರಡೂ ಒಂದ ವಂಶದವು, ಸಣ್ಣ ಭಾಗ ಎಷ್ಟೋ ಹೊಂದತಾವ. ಕೊಡೂದು ತಗೊಳ್ಳೂದು ಡೀಲರ್ ಮತ್ತ ರಿಪೇರಿಯವರ ನಡುವ ರಸೀದಿ ಮ್ಯಾಲೆ ಆಗಲಿ, ನಿಮ್ಮ ಕಿಸೇದಾಗ ಭಾಗ ಬರೂದು ಬ್ಯಾಡ.

ಅಪ್ಪಾರಿಗೆ ಹೇಳ್ರಿ. ಬಂದೂಕು ಇಷ್ಟು ಜತನ ಮಾಡಿದವರಿಗೆ ಅದರ ರೋಗ ಏನು ಅಂತ ತಿಳಕೊಳ್ಳೋ ಹಕ್ಕು ಐತಿ.

ಬೇಡ್ತಿಹಳ್ಳ:

ಎರಡು ತಿಂಗಳ ಮ್ಯಾಲೆ ಬರಿಯಾಕತ್ತೀನಿ. ಉತ್ತರಾ ಕೊಟ್ಟವರಿಗೆ ಏನಾತು ಅಂತ ತಿಳೀಬೇಕಲ್ಲ.

ರಿಪೇರಿ ಲೈಸೆನ್ಸ್ ಇರೋ ಹಿರಿಯರೊಬ್ಬರು ಸಿಕ್ರು. ಅವರ ಲೈಸೆನ್ಸ್ ಕೇಳಿ ನೋಡಿದೆ, ಬ್ಯಾಸರಾ ಮಾಡ್ಕೊಳ್ಳದ ತೋರಿಸಿದ್ರು. ನಳಿಗಿ ಬಾಯಿ ನೋಡಿ ಗದಗ ಅಣ್ಣಾ ಹೇಳಿದ್ದನ್ನ ಹೇಳಿದ್ರು, ಡ್ರಿಲ್ ಮುಟ್ಟಲಿಲ್ಲ. ಉಬ್ಬು ಒತ್ತಿ ಕೂಡಸೂದಕ್ಕ ಇಪ್ಪತ್ತು ನಿಮಿಷ ಹತ್ತಿತು. ಆಮ್ಯಾಲೆ ಹತ್ತು ತೋಟಾ ಹಾಕಿ ನೋಡಿದ್ರು, ಹತ್ತೂ ಹಾರಿದ್ವು, ಹತ್ತೂ ಕೊಪ್ಪರಿಗಿ ಎಕ್ಸ್‌ಟ್ರಾಕ್ಟರ್ ತಾನ ಎಬ್ಬಿಸಿತು. ಪಿನ್ನು ಹಳೇದ ಐತಿ. ನಾ ಬರದ ಪಟ್ಟಿಯೊಳಗ ದೊಡ್ಡ ಎರಡು ಭಾಗ ಬೇಕಾಗಲೇ ಇಲ್ಲ.

ಗುಂಡಿ ಸಡ್ಲಾಗಿದ್ದು ಒಳಗಿನ ಸಣ್ಣ ಸ್ಪ್ರಿಂಗಿನಿಂದ. ಅದನ್ನ ಅವರ ಬದಲಿ ಮಾಡಿದ್ರು. ಸ್ಕ್ರೂ ಇನ್ನೂ ಸಿಕ್ಕಿಲ್ಲ. ಒಬ್ಬ ಡೀಲರ್ ಕಡೆ ಕೆಟ್ಟ ಸ್ಯಾವೇಜ್ ಐತಂತ, ಕಾಗದ ನಡದಾವ.

ಬಟ್ಟು ಕಲಘಟಗ್ಯಾಗ ಆಗಾಕತ್ತೈತಿ. ಅಖ್ರೋಟ್ ಹಲಗಿ ತರಸಾಕ ಮೂರು ವಾರ ಹಿಡೀತು. ಮಾಡಾಕತ್ತವರು ತೊಟ್ಟಿಲಿಗೆ ಬಣ್ಣ ಹಾಕೋ ಮನೆತನದವರು, ಅರಗಿನ ಬಣ್ಣ ಹಚ್ಚಲೇನು ಅಂತ ಕೇಳಿದ್ರು. ಬ್ಯಾಡ ಅಂದೆ, ಬರೇ ಅಗಸಿ ಎಣ್ಣಿ ಸಾಕು. ಹಿಡಿಯೋ ಅಳತಿಗೆ ಅಪ್ಪಾರನ್ನ ಕರಕೊಂಡು ಹೋಗಿದ್ದೆ. ಕಣ್ಣು ಮಂಜಾದ್ರೂ ಕೈಗೆ ನೆನಪೈತಿ. ಅರ್ಧಾ ಕೆತ್ತಿದ ಕಟ್ಟಿಗಿ ಹಿಡದು ಹೆಬ್ಬಟ್ಟು ಆಡಿಸಿ, "ಇಲ್ಲೆ ಇನ್ನೊಂದು ನೂಲು ತಗೀರಿ" ಅಂದ್ರು. ತಗದು ಕೊಟ್ರ ಮತ್ತ ಹಿಡದು ನೋಡಿ, ಸುಮ್ಮನ ತಲಿ ಅಲ್ಲಾಡಿಸಿದ್ರು.

ತಗ್ಗಿನ ವಿಷಯ ದಾರ್‍ಯಾಗ ಬರೋ ಮುಂದ ಹೇಳಿದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮ್ಯಾಲೆ, "ಈ ಸಲ ಖಂಡೇನವಮಿಗೆ ಖಾಲಿ ಕೊಪ್ಪರಿಗಿ ಹಾಕಿ ಬಿಡೋಣು, ಮೊಮ್ಮಗ ಸಪ್ಪಳ ಕೇಳಬೇಕಲ್ಲ" ಅಂದ್ರು. ಹಂಗ ಮಾಡಬಹುದೇನು ಗದಗ ಅಣ್ಣಾ?

ಗದಗ ಪ್ಯಾಟಿ:

ಮಾಡಬಹುದು. ಹಾರಿದ ಕೊಪ್ಪರಿಗಿನ ಇರಲಿ, ಹಾಕೋ ಮುಂದ ನೀವ ಕೈಲೆ ತಗೊಂಡು ನೋಡ್ರಿ, ಬಾಯಿ ಪೂರಾ ತೆರದಿರಬೇಕು. ಒಂದು ಸಲ ಬಿಟ್ಟ ಮ್ಯಾಲೆ ಕೊಪ್ಪರಿಗಿ ತಿರುವಿ ಹಾಕ್ರಿ, ಪಿನ್ನು ಹೊಸಾ ಜಾಗಕ್ಕ ಬೀಳಲಿ. ನಾಕೈದು ಸಲ ಆದ ಮ್ಯಾಲೆ ಬದಲಿ ಮಾಡ್ರಿ. ಕುಂಕುಮ, ನೀರು ಕಬ್ಬಿಣಕ್ಕ ತಾಗಿದ್ರ ಅವತ್ತ ಸಂಜೀಕ ಒರಸಿ ಎಣ್ಣಿ ಹಚ್ಚಿಬಿಡ್ರಿ.

ಹಳೇ ಬಟ್ಟು ನೆನಪಿಗೆ ಇಟ್ಕೋತೀರಿ ಅಂದ್ರ ಬಂದೂಕಿನ ಟ್ರಂಕಿನ್ಯಾಗ ಇಡಬ್ಯಾಡ್ರಿ. ಪ್ಲಾಸ್ಟಿಕ್ ಚೀಲದಾಗೂ ಸುತ್ತಬ್ಯಾಡ್ರಿ. ಅಟ್ಟದ ಮ್ಯಾಲೆ ಗಾಳಿ ಆಡೋ ಜಾಗದಾಗ ಬ್ಯಾರೆ ಇಡ್ರಿ.